ಪಾಚಿಯ ಬಣ್ಣವೂ ಮಿದುಳಿನ ಉರಿಯೂತವೂ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನವರಿಗೆ ಸ್ಪಿರುಲಿನಾ ಎಂಬ ಪಾಚಿ ಹೊಸದಲ್ಲ. ಊರೆಲ್ಲ ಸಿಎಫ್‌ಟಿಆರ್‌ಐ ಎಂದೇ ಕರೆಯುವ, ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಆಹಾರ ಸಂಶೋಧನಾಲಯದಲ್ಲಿ 1970ರ ದಶಕದಿಂದಲೇ ಪಾಚಿಯನ್ನು ಆಹಾರಕ್ಕಾಗಿ ಬೆಳೆಸುವ ಕೆಲಸ ನಡೆದಿದೆ. ಅಲ್ಲಿ ರೂಪುಗೊಂಡ ಸ್ಪಿರುಲಿನಾ ಚಿಕ್ಕಿಯನ್ನು ತಿಂದವರೂ ನಮ್ಮಲ್ಲಿದ್ದಾರೆ. ಈಚೆಗೆ ಬದಲಾಗಿರುವುದು ಮಾತ್ರೆಯ ಡಬ್ಬಿಯ ಮೇಲಿನ ಚಿತ್ರ: ಹಸಿರು ಎಲೆಯ ಜಾಗದಲ್ಲಿ ಮಿದುಳು ಬಂದು ಕೂತಿದೆ. ಪಾಚಿಯ ಬಣ್ಣಗಳು ಮಿದುಳಿನ ಉರಿಯೂತವನ್ನು ತಗ್ಗಿಸುತ್ತವೆ ಎಂಬುದು ಮಾರುವವರ ಮಾತು. ನಾನು ಪ್ರಯೋಗಾಲಯದಲ್ಲಿ ಮಿದುಳಿನ ರೋಗನಿರೋಧಕ ಕೋಶಗಳನ್ನು ಬೆಳೆಸಿ ನೋಡಿದವಳು, ವೈದ್ಯೆಯಲ್ಲ. ಸರಸ್ವತಿಪುರಂನ ನೆರೆಹೊರೆಯವರು, ಮಾನಸಗಂಗೋತ್ರಿಯ ವಿದ್ಯಾರ್ಥಿಗಳು, ಮಂಡ್ಯದ ಕಡೆಯ ಕೆಲವು ರೈತರು ಕೇಳುತ್ತಾ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಮಿದುಳಿಗೆ ತನ್ನದೇ ರೋಗನಿರೋಧಕ ಕೋಶಗಳಿವೆಯೇ?

ಇವೆ. ಮೈಕ್ರೋಗ್ಲಿಯಾ ಎಂದು ಅವುಗಳ ಹೆಸರು. ಸ್ಪೇನಿನ ಪಿಯೊ ದೆಲ್ ರಿಯೊ ಹೊರ್ತೇಗಾ 1919ರಲ್ಲಿ ಬೆಳ್ಳಿಯ ಲವಣದಿಂದ ಬಣ್ಣ ಹಿಡಿಸಿ ಇವುಗಳನ್ನು ಬೇರೆಯಾಗಿ ಗುರುತಿಸಿದರು. ಮಿದುಳಿನ ಕೋಶಗಳಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಂದು ಪಾಲು ಇವು. ಮಿದುಳಿನಲ್ಲಿದ್ದರೂ ಹುಟ್ಟಿನಲ್ಲಿ ಇವು ನರಕೋಶಗಳ ಬಳಗಕ್ಕೆ ಸೇರಿಲ್ಲ. ಭ್ರೂಣದ ಆರಂಭದಲ್ಲೇ ಅಂಡಪೀತಕದ ಚೀಲದಲ್ಲಿ ಹುಟ್ಟಿ, ಮಿದುಳಿಗೆ ವಲಸೆ ಹೋಗಿ, ಅಲ್ಲಿಯೇ ನೆಲೆನಿಂತು ಬಾಳುತ್ತವೆ.

ಏನೂ ತೊಂದರೆಯಿಲ್ಲದಾಗ ಇವು ಸುಮ್ಮನಿರುತ್ತವೆ ಎಂದು ಬಹಳ ಕಾಲ ನಂಬಲಾಗಿತ್ತು. 2005ರಲ್ಲಿ ಜೀವಂತ ಇಲಿಗಳ ಮಿದುಳನ್ನು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದ ಎರಡು ಸಂಶೋಧಕರ ತಂಡಗಳು ಆ ನಂಬಿಕೆಯನ್ನು ಮುರಿದವು. ಕೋಶದ ದೇಹ ನಿಂತಲ್ಲೇ ನಿಂತಿದ್ದರೂ ಅದರ ಕವಲುಗಳು ಎಡೆಬಿಡದೆ ಚಾಚಿ, ಮುದುಡಿ ಸುತ್ತಲ ಜಾಗವನ್ನೆಲ್ಲ ತಡವುತ್ತಿದ್ದವು. ಸತ್ತ ಕೋಶಗಳನ್ನು ನುಂಗುವುದು, ಬೇಡವಾದ ನರಸಂಧಿಗಳನ್ನು ಕತ್ತರಿಸುವುದು, ಸೋಂಕು ಬಂದರೆ ಎದುರಿಸುವುದು ಎಲ್ಲವೂ ಇವುಗಳದೇ ಕೆಲಸ.

ಹಾಗಿದ್ದರೆ ಇವುಗಳಿಂದ ತೊಂದರೆ ಯಾವಾಗ?

ಕೆರಳಿದ ಸ್ಥಿತಿಯಲ್ಲೇ ಉಳಿದುಬಿಟ್ಟಾಗ. ಬ್ಯಾಕ್ಟೀರಿಯಾದ ಹೊರಪದರದ ತುಣುಕೋ ಮಡಚಿಕೆ ಕೆಟ್ಟ ಪ್ರೋಟೀನೋ ತಗುಲಿದೊಡನೆ ಕೋಶದ ಮೇಲ್ಮೈಯ ಗ್ರಾಹಕಗಳು ಎಚ್ಚರಗೊಳ್ಳುತ್ತವೆ. ಒಳಗೆ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6, ನೈಟ್ರಿಕ್ ಆಕ್ಸೈಡ್ ಎಂಬ ಉರಿಯೂತದ ವಸ್ತುಗಳು ಹೊರಬರುತ್ತವೆ. ಸೋಂಕಿನ ಎದುರು ಇದೆಲ್ಲ ಬೇಕೇ ಬೇಕು. ಆದರೆ ತಿಂಗಳು, ವರ್ಷಗಟ್ಟಲೆ ಹೀಗೆಯೇ ಸಾಗಿದರೆ ಪಕ್ಕದ ನರಕೋಶಗಳೇ ನಲುಗುತ್ತವೆ. ಆಲ್‌ಝೈಮರ್, ಪಾರ್ಕಿನ್‌ಸನ್‌ ಕಾಯಿಲೆಗಳಲ್ಲಿ ಇಂಥ ಉರಿಯೂತ ಕಂಡುಬರುತ್ತದೆ. ಅದು ಕಾರಣವೋ ಪರಿಣಾಮವೋ ಎಂಬ ವಾದ ಮುಗಿದಿಲ್ಲ. ಎರಡೂ ಇರಬಹುದು ಎನ್ನುವವರ ಪಕ್ಷ ನನ್ನದು.

ಪಾಚಿಯ ಬಣ್ಣ ಎಂದರೆ ಹಸಿರು ತಾನೇ?

ಹಸಿರು ಮಾತ್ರವಲ್ಲ. ಈ ಸಂಶೋಧನೆಯಲ್ಲಿ ಹೆಚ್ಚಾಗಿ ಬರುವ ಬಣ್ಣಗಳು ನೀಲಿ, ಕೆಂಪು, ಕಂದು ಮತ್ತು ಕಿತ್ತಳೆ.

ನೀಲಿಯದು ಫೈಕೋಸಯನಿನ್, ಸ್ಪಿರುಲಿನಾದಲ್ಲಿರುವುದು. ಹಸಿರು ಪುಡಿಯನ್ನು ತಣ್ಣೀರಿನಲ್ಲಿ ನೆನೆಸಿಟ್ಟು ಸೋಸಿದರೆ ನೀಲಿ ನೀರು ಇಳಿಯುವುದನ್ನು ಮನೆಯಲ್ಲೇ ನೋಡಬಹುದು. ಅಮೆರಿಕದಲ್ಲಿ 2013ರಲ್ಲಿ ಮಿಠಾಯಿಗೆ ನೀಲಿ ಬಣ್ಣವಾಗಿ ಒಪ್ಪಿಗೆ ಸಿಕ್ಕಿದ್ದು ಇದೇ ಸ್ಪಿರುಲಿನಾ ಸಾರಕ್ಕೆ. ಅಂದಹಾಗೆ, ಸ್ಪಿರುಲಿನಾವನ್ನು ರೂಢಿಯಲ್ಲಿ ಪಾಚಿ ಎಂದರೂ ಜೀವಶಾಸ್ತ್ರದ ಲೆಕ್ಕದಲ್ಲಿ ಅದು ದ್ಯುತಿಸಂಶ್ಲೇಷಣೆ ಮಾಡುವ ಬ್ಯಾಕ್ಟೀರಿಯಾ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೆಂಪಿನದು ಅಸ್ಟಾಕ್ಸಾಂಥಿನ್. ಹೆಮಟೋಕಾಕಸ್ ಎಂಬ ಹಸಿರು ಪಾಚಿಗೆ ಬಿಸಿಲು ಹೆಚ್ಚಾಗಿ, ಸಾರಜನಕ ಕಡಿಮೆಯಾಗಿ ಸಂಕಟಕ್ಕೆ ಸಿಕ್ಕಾಗ ಅದು ಕೆಂಪಾಗುತ್ತದೆ; ಒಣತೂಕದ ಶೇ 4ರವರೆಗೂ ಈ ಬಣ್ಣವನ್ನು ತುಂಬಿಕೊಳ್ಳಬಲ್ಲದು. ಸಾಲ್ಮನ್ ಮೀನಿನ ಮಾಂಸದ ಕೆಂಪು, ಬೇಯಿಸಿದ ಸಿಗಡಿಯ ಕೆಂಪು ಇದರದೇ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಕಂದು ಬಣ್ಣ ಫ್ಯೂಕೋಕ್ಸಾಂಥಿನ್‌ನಿಂದ ಬಂದದ್ದು. ಉಪ್ಪಿನ ಹೊಂಡಗಳಲ್ಲಿ ಬೆಳೆಯುವ ಡುನಾಲಿಯೆಲ್ಲಾದ ಕಿತ್ತಳೆ ಬೀಟಾ ಕ್ಯಾರೊಟಿನ್‌ನಿಂದ.

ಬಣ್ಣಕ್ಕೂ ಉರಿಯೂತಕ್ಕೂ ಎತ್ತಣಿಂದೆತ್ತ ಸಂಬಂಧ?

ಬೆಳಕನ್ನು ಹೀರುವ ಅಣುಗಳಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದರಂತೆ ಉದ್ದಕ್ಕೂ ಇರುತ್ತವೆ. ಬಣ್ಣ ಬರುವುದು ಅದರಿಂದ. ಕೋಶಕ್ಕೆ ಹಾನಿ ಮಾಡುವ ಪುಂಡ ಆಮ್ಲಜನಕದ ಅಣುಗಳನ್ನು ಹಿಡಿದು ತಣಿಸುವ ಗುಣವೂ ಅದರಿಂದಲೇ. ಅಸ್ಟಾಕ್ಸಾಂಥಿನ್ ಕೋಶಪೊರೆಯ ಈ ದಡದಿಂದ ಆ ದಡಕ್ಕೆ ಚಾಚಿಕೊಂಡು ಕೂರುವಷ್ಟು ಉದ್ದವಿದೆ. ಹಾಗಾಗಿ ಪೊರೆಯ ಕೊಬ್ಬು ಕೆಡದಂತೆ ಒಳಗೂ ಹೊರಗೂ ಕಾಯುತ್ತದೆ.

ಆದರೆ ಉತ್ಕರ್ಷಣ ನಿರೋಧ (ಆಂಟಿಆಕ್ಸಿಡೆಂಟ್) ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವುದು ಸೋಮಾರಿತನ. ಕೋಶಗಳ ಪ್ರಯೋಗಗಳಲ್ಲಿ ಈ ಬಣ್ಣಗಳು ಎನ್‌ಎಫ್-ಕಪ್ಪಾಬಿ ಕೇಂದ್ರಕ್ಕೆ ಹೋಗುವುದನ್ನು ತಗ್ಗಿಸುತ್ತವೆ; ಎನ್‌ಆರ್‌ಎಫ್-2 ಎಂಬ ಇನ್ನೊಂದು ಪ್ರೋಟೀನನ್ನು ಎಚ್ಚರಿಸಿ ಕೋಶದ ಸ್ವಂತ ರಕ್ಷಣೆಯ ಕಿಣ್ವಗಳನ್ನು ಹೆಚ್ಚಿಸುತ್ತವೆ. ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ನೀಲಿಯ ಕಥೆ. ಫೈಕೋಸಯನಿನ್ನಿನಲ್ಲಿ ಬಣ್ಣ ಕೊಡುವ ತುಣುಕಿನ ಹೆಸರು ಫೈಕೋಸಯನೋಬಿಲಿನ್. ಅದರ ರಚನೆ ನಮ್ಮ ದೇಹದಲ್ಲೇ ತಯಾರಾಗುವ ಬಿಲಿವರ್ಡಿನ್‌ಗೆ, ಅಂದರೆ ಕಾಮಾಲೆಯಲ್ಲಿ ಕಣ್ಣು ಹಳದಿಯಾಗಿಸುವ ಬಿಲಿರುಬಿನ್ನಿನ ಹಿಂದಿನ ರೂಪಕ್ಕೆ, ತೀರಾ ಹತ್ತಿರ. ಪುಂಡ ಆಮ್ಲಜನಕವನ್ನು ಉತ್ಪಾದಿಸುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಬಿಲಿರುಬಿನ್ ಹೇಗೆ ತಡೆಯುತ್ತದೆಯೋ ಇದೂ ಹಾಗೆಯೇ ತಡೆಯುತ್ತದೆ. ಕೆರಳಿದ ಮೈಕ್ರೋಗ್ಲಿಯಾದಲ್ಲಿ ಈ ಕಿಣ್ವದ್ದೇ ಕಾರುಬಾರು.

ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಹೇಗೆ?

ಹೆಚ್ಚಿನವರು ಬಳಸುವುದು ಬಿವಿ-2 ಎಂಬ ಕೋಶಗಳನ್ನು. 1990ರಲ್ಲಿ ಇಲಿಯ ಮೈಕ್ರೋಗ್ಲಿಯಾವನ್ನು ಕ್ಯಾನ್ಸರ್ ಜೀನ್‌ಗಳಿಂದ ಅಮರವಾಗಿಸಿ ಪಡೆದ ತಳಿ ಇದು. ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಇವನ್ನು ಬೆಳೆಸಿ, ಪಾಚಿಯ ಬಣ್ಣವನ್ನು ಮೊದಲು ಹಾಕಿ, ಸ್ವಲ್ಪ ಹೊತ್ತಿನ ಮೇಲೆ ಬ್ಯಾಕ್ಟೀರಿಯಾದ ಹೊರಪದರದ ವಸ್ತುವಾದ ಎಲ್‌ಪಿಎಸ್ ಹಾಕಿ ಕೆರಳಿಸುತ್ತಾರೆ. ಒಂದು ದಿನ ಬಿಟ್ಟು ಮೇಲಿನ ದ್ರವವನ್ನು ತೆಗೆದು ಗ್ರೀಸ್ (Griess) ಎಂಬ ರಾಸಾಯನಿಕ ಕಾರಕ ಬೆರೆಸಿದರೆ ನೈಟ್ರಿಕ್ ಆಕ್ಸೈಡ್ ಇದ್ದಷ್ಟೂ ಗುಲಾಬಿ ಬಣ್ಣ ಏರುತ್ತದೆ. ಪಾಚಿಯ ಬಣ್ಣ ಹಾಕಿದ ಗುಳಿಗಳಲ್ಲಿ ಗುಲಾಬಿ ತೆಳುವಾದರೆ ಎಲ್ಲರಿಗೂ ಖುಷಿ.

ಖುಷಿಪಡುವ ಮುನ್ನ ನೋಡಬೇಕಾದ್ದು ಬಹಳವಿದೆ. ಕೋಶಗಳು ಸತ್ತಿದ್ದರೂ ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ. ಆದ್ದರಿಂದ ಅವು ಬದುಕಿವೆಯೇ ಎಂಬ ಪರೀಕ್ಷೆ ಜೊತೆಗೇ ಆಗಬೇಕು. ಆ ಪರೀಕ್ಷೆಯೂ ಬಣ್ಣವನ್ನೇ ಅಳೆಯುತ್ತದೆ ಎಂಬುದು ಇಲ್ಲಿನ ತಮಾಷೆ: ಗ್ರೀಸ್ ಪರೀಕ್ಷೆಯನ್ನು ಓದುವುದು ಬೆಳಕಿನ 540 ನ್ಯಾನೊಮೀಟರ್ ತರಂಗಾಂತರದ ಸುತ್ತ, ಕೋಶಗಳ ಬದುಕನ್ನು ಅಳೆಯುವ ಎಂಟಿಟಿ ಪರೀಕ್ಷೆಯನ್ನು 570ರ ಸುತ್ತ, ಫೈಕೋಸಯನಿನ್ ಬೆಳಕನ್ನು ಅತಿ ಹೆಚ್ಚು ಹೀರುವುದು 620ರ ಬಳಿ, ಅದರ ಬಾಲ ಇತ್ತ ಕಡೆಗೂ ಚಾಚಿರುತ್ತದೆ. ಪರೀಕ್ಷಿಸುವ ವಸ್ತುವೇ ಬಣ್ಣವಾದಾಗ ಬರಿಯ ಬಣ್ಣ ಹಾಕಿದ ಖಾಲಿ ಗುಳಿಯ ಅಂಕಿಯನ್ನು ಕಳೆಯದೆ ಬರೆದ ಫಲಿತಾಂಶವನ್ನು ನಾನಂತೂ ಓದುವುದಿಲ್ಲ.

ಇನ್ನೊಂದು ಬಲೆ ಇದಕ್ಕಿಂತ ಆಳದ್ದು. ಸ್ಪಿರುಲಿನಾ ಬ್ಯಾಕ್ಟೀರಿಯಾ ಎಂದೆನಲ್ಲ. ಅದಕ್ಕೂ ಹೊರಪದರವಿದೆ, ಅದರಲ್ಲಿ ತನ್ನದೇ ಎಲ್‌ಪಿಎಸ್ ಇದೆ, ರೋಗನಿರೋಧಕ ಕೋಶಗಳನ್ನು ಪ್ರಚೋದಿಸುವ ಲಿಪೋಪ್ರೋಟೀನ್‌ಗಳೂ ಇವೆ. ಅರೆಬರೆ ಶುದ್ಧಿಯ ಸಾರವನ್ನು ಹಾಕಿದರೆ ಶಮನದ ಬದಲು ಕೆರಳಿಕೆಯೇ ಕಾಣಬಹುದು. ಶುದ್ಧತೆಯನ್ನು 620 ಮತ್ತು 280 ನ್ಯಾನೊಮೀಟರ್‌ಗಳಲ್ಲಿನ ಹೀರಿಕೆಯ ಅನುಪಾತದಿಂದ ಹೇಳುತ್ತಾರೆ: 0.7 ದಾಟಿದರೆ ಆಹಾರದ ದರ್ಜೆ, 4 ದಾಟಿದರೆ ವಿಶ್ಲೇಷಣೆಯ ದರ್ಜೆ. ಅಂಗಡಿಯ ಪುಡಿಯನ್ನು ನೀರಿನಲ್ಲಿ ಕದಡಿ ಕೋಶಗಳ ಮೇಲೆ ಸುರಿದು ‘ಫೈಕೋಸಯನಿನ್‌ನ ಪರಿಣಾಮ’ ಎಂದು ಬರೆಯಲು ಬಾರದು.

ಅಂದರೆ ಬಣ್ಣಗಳಿಗೆ ನಿಜವಾಗಿ ಪರಿಣಾಮವಿಲ್ಲವೇ?

ಇದೆ. ಜಾಗ್ರತೆಯಿಂದ ಮಾಡಿದ ಪ್ರಯೋಗಗಳಲ್ಲೂ ಅಸ್ಟಾಕ್ಸಾಂಥಿನ್, ಫ್ಯೂಕೋಕ್ಸಾಂಥಿನ್, ಫೈಕೋಸಯನಿನ್ ಮೈಕ್ರೋಗ್ಲಿಯಾದ ಉರಿಯೂತವನ್ನು ತಗ್ಗಿಸಿವೆ. ಇಲಿ, ಹೆಗ್ಗಣಗಳಲ್ಲೂ ಅದಕ್ಕೆ ಹೊಂದುವ ಫಲಿತಾಂಶಗಳಿವೆ. ನನ್ನ ತಕರಾರು ಇರುವುದು ತಟ್ಟೆಯಿಂದ ಡಬ್ಬಿಗೆ ಹಾರುವ ಜಿಗಿತದ ಬಗ್ಗೆ.

ಮೊದಲನೆಯದು ಪ್ರಮಾಣ. ಕೋಶಗಳಿಗೆ ಸಾಮಾನ್ಯವಾಗಿ ಹಾಕುವ ಅಸ್ಟಾಕ್ಸಾಂಥಿನ್ ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ಸಾಂದ್ರವಾಗಿದೆ ಎಂಬ ಅಳತೆ) ಮಟ್ಟದ್ದು, ಹಲವು ಬಾರಿ 10ರಿಂದ 50. ಮಾತ್ರೆ ನುಂಗಿದವರ ರಕ್ತದಲ್ಲಿ ಸಿಗುವುದು ನ್ಯಾನೊಮೋಲಾರ್ ಮಟ್ಟದ್ದು, ನೂರಾರು ಪಟ್ಟು ಕಡಿಮೆ. ಮಂಡ್ಯದ ಅಚ್ಚು ಬೆಲ್ಲವನ್ನು ಒಂದು ಲೋಟದಲ್ಲಿ ಕದಡಿ ಸಿಹಿಯೆಂದು ತಲೆದೂಗಿ, ಅಷ್ಟೇ ಬೆಲ್ಲವನ್ನು ಬಚ್ಚಲ ಹಂಡೆಗೆ ಹಾಕಿ ಅದೇ ಸಿಹಿಯನ್ನು ನಿರೀಕ್ಷಿಸಿದಂತೆ ಇದು.

ಎರಡನೆಯದು ಇಲಿಗೂ ಮನುಷ್ಯನಿಗೂ ಇರುವ ಅಂತರ. ಎಲ್‌ಪಿಎಸ್ ತಗುಲಿದರೆ ಇಲಿಯ ಮೈಕ್ರೋಗ್ಲಿಯಾ ಧಾರಾಳವಾಗಿ ನೈಟ್ರಿಕ್ ಆಕ್ಸೈಡ್ ಸುರಿಸುತ್ತದೆ. ಮನುಷ್ಯನ ಮೈಕ್ರೋಗ್ಲಿಯಾ ಅದನ್ನು ಬಹಳ ಕಡಿಮೆ ಉತ್ಪಾದಿಸುತ್ತದೆ. ಅಂದರೆ ನಾವು ಅತಿ ಹೆಚ್ಚು ಅಳೆಯುವ ಅಂಕಿಯೇ ಮನುಷ್ಯರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ.

ಮನುಷ್ಯರ ಮೇಲೆ ಪರೀಕ್ಷೆ ಆಗಿಲ್ಲವೇ?

ಆಗಿವೆ, ಚಿಕ್ಕವು. ಹೆಚ್ಚಾಗಿ ಉಲ್ಲೇಖವಾಗುವ ಒಂದು ಜಪಾನಿನದು, 2012ರಲ್ಲಿ ಪ್ರಕಟವಾದದ್ದು. ವಯಸ್ಸಿನ ಮರೆವಿದೆ ಎಂದು ಹೇಳಿಕೊಂಡ 96 ಮಂದಿಗೆ 12 ವಾರ ಅಸ್ಟಾಕ್ಸಾಂಥಿನ್ ಹೆಚ್ಚಿರುವ ಪಾಚಿಯ ಸಾರವನ್ನೋ ಹುಸಿ ಮಾತ್ರೆಯನ್ನೋ ಕೊಟ್ಟರು. ಸಾರ ತೆಗೆದುಕೊಂಡವರ ಅಂಕಗಳು ಸುಧಾರಿಸಿದವು. ಆದರೆ ಹುಸಿ ಮಾತ್ರೆಯವರಿಗೆ ಹೋಲಿಸಿ ಖಚಿತ ವ್ಯತ್ಯಾಸ ತೋರಿಸಲು ಜನರ ಸಂಖ್ಯೆ ಸಾಲದೆಂದು ಸಂಶೋಧಕರೇ ಬರೆದರು. ಡಬ್ಬಿಯ ಮೇಲೆ ಮೊದಲ ವಾಕ್ಯ ಅಚ್ಚಾಗುತ್ತದೆ, ಎರಡನೆಯದು ಆಗುವುದಿಲ್ಲ. ಇದಲ್ಲದೆ ಇಂಥ ಪರೀಕ್ಷೆಗಳು ಅಳೆಯುವುದು ನೆನಪಿನ ಅಂಕಗಳನ್ನು. ಆ ಜನರ ಮಿದುಳಿನ ಮೈಕ್ರೋಗ್ಲಿಯಾಕ್ಕೆ ಏನಾಯಿತೆಂದು ಅವು ಹೇಳುವುದಿಲ್ಲ.

ನುಂಗಿದ ಬಣ್ಣ ಮಿದುಳನ್ನು ತಲುಪುತ್ತದೆಯೇ?

ಬಣ್ಣವನ್ನು ಅವಲಂಬಿಸಿದೆ. ಅಸ್ಟಾಕ್ಸಾಂಥಿನ್ ಕೊಬ್ಬಿನಲ್ಲಿ ಕರಗುವುದರಿಂದ ತಲುಪಬಲ್ಲದು. ಪ್ರಾಣಿಗಳ ಮಿದುಳಿನಲ್ಲಿ ಅದು ಪತ್ತೆಯಾಗಿದೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದೇ ಕಡಿಮೆ. ಫ್ಯೂಕೋಕ್ಸಾಂಥಿನ್ ಕರುಳಿನಲ್ಲೇ ಫ್ಯೂಕೋಕ್ಸಾಂಥಿನಾಲ್ ಆಗಿ ಬದಲಾಗುತ್ತದೆ. ಆದ್ದರಿಂದ ತಟ್ಟೆಯ ಕೋಶಗಳಿಗೆ ಫ್ಯೂಕೋಕ್ಸಾಂಥಿನ್ನನ್ನೇ ಹಾಕಿ ನೋಡುವುದು ಮಿದುಳಿಗೆ ಬರದ ಅತಿಥಿಯನ್ನು ಸತ್ಕರಿಸಿದ ಹಾಗೆ ಆಗಿಬಿಡುವ ಅಪಾಯವಿದೆ. ಫೈಕೋಸಯನಿನ್ ದೊಡ್ಡ ಪ್ರೋಟೀನ್, ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ಆಸೆಯೇನಿದ್ದರೂ ಅದರ ಬಣ್ಣದ ತುಣುಕಿನ ಮೇಲೆ.

ಉರಿಯೂತ ಕೆಟ್ಟದ್ದಾದರೆ ಅದನ್ನು ಹೇಗಾದರೂ ತಗ್ಗಿಸುವುದು ಒಳ್ಳೆಯದಲ್ಲವೇ?

ಈ ತರ್ಕವನ್ನು ಒಮ್ಮೆ ದೊಡ್ಡದಾಗಿಯೇ ಪರೀಕ್ಷಿಸಿ ನೋಡಲಾಗಿದೆ. ಮನೆತನದಲ್ಲಿ ಆಲ್‌ಝೈಮರ್ ಇರುವ, 70 ದಾಟಿದವರಿಗೆ ನೋವು ನಿವಾರಕಗಳಾದ ನೆಪ್ರಾಕ್ಸೆನ್, ಸೆಲೆಕಾಕ್ಸಿಬ್ ಕೊಡುವ ಪರೀಕ್ಷೆ ಅಮೆರಿಕದಲ್ಲಿ 2001ರಲ್ಲಿ ಶುರುವಾಯಿತು. ಹೃದಯದ ಸುರಕ್ಷತೆಯ ಆತಂಕದಿಂದ 2004ರ ಡಿಸೆಂಬರ್‌ನಲ್ಲಿ ಮಾತ್ರೆ ಕೊಡುವುದನ್ನು ನಿಲ್ಲಿಸಿದರು. ಮರೆವಿನ ಕಾಯಿಲೆಯಿಂದ ರಕ್ಷಣೆ ಕಾಣಲಿಲ್ಲ. ಅವು ಪಾಚಿಯ ಬಣ್ಣಕ್ಕಿಂತ ಎಷ್ಟೋ ಪಾಲು ಬಲವಾದ ಮದ್ದುಗಳು.

ಮೈಕ್ರೋಗ್ಲಿಯಾವನ್ನು ಪೂರ್ತಿ ಸುಮ್ಮನಾಗಿಸುವುದು ಯಾರ ಗುರಿಯೂ ಆಗಬಾರದು. ಅವುಗಳ ಟ್ರೆಮ್-2 ಎಂಬ ಗ್ರಾಹಕ ಸರಿಯಾಗಿ ಕೆಲಸ ಮಾಡದಂತಾಗುವ ಜೀನ್ ವ್ಯತ್ಯಾಸವಿದ್ದರೆ ಆಲ್‌ಝೈಮರ್‌ನ ಅಪಾಯ ಹೆಚ್ಚುತ್ತದೆಂದು 2013ರಿಂದ ಗೊತ್ತಿದೆ. ಕಸ ಗುಡಿಸುವವರನ್ನೇ ಮಲಗಿಸಿದರೆ ಕಸ ಉಳಿಯುತ್ತದೆ.

ಅಮ್ಮನಿಗೆ ಈಚೆಗೆ ಮರೆವು. ಸ್ಪಿರುಲಿನಾ ಕೊಡಬಹುದೇ? ಅದರಲ್ಲಿ ಬಿ12 ಕೂಡ ಇದೆಯಂತೆ.

ನನ್ನನ್ನು ಅತಿ ಹೆಚ್ಚು ಕಳವಳಗೊಳಿಸುವ ಪ್ರಶ್ನೆ ಇದು, ಅದಕ್ಕೇ ಉದ್ದವಾಗಿ ಹೇಳುತ್ತೇನೆ. ಸ್ಪಿರುಲಿನಾದಲ್ಲಿ ಬಿ12 ಎಂದು ಎಣಿಕೆಯಾಗುವುದರ ಹೆಚ್ಚು ಪಾಲು ಹುಸಿ ಬಿ12. ನೋಡಲು ನಿಜವಾದದ್ದರಂತಿದ್ದರೂ ಮನುಷ್ಯನ ದೇಹಕ್ಕೆ ಅದು ಉಪಯೋಗಕ್ಕೆ ಬಾರದು. ಅತ್ತ ನಿಜವಾದ ಬಿ12 ಕೊರತೆಯೇ ಮರೆವಿಗೆ, ಕೈಕಾಲು ಜೋಮಿಗೆ, ಮಂಕಿಗೆ ಕಾರಣವಾಗುತ್ತದೆ. ಮೊಟ್ಟೆ, ಮಾಂಸ ಮುಟ್ಟದ ಮನೆಗಳಲ್ಲಿ, ಅದರಲ್ಲೂ ಹಾಲು ಮೊಸರನ್ನೂ ಕಡಿಮೆ ಮಾಡಿದ ವಯಸ್ಸಾದವರಲ್ಲಿ ಈ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು.

ಹೀಗಿರುವಾಗ ಪಾಚಿಯ ಮಾತ್ರೆ ಕೊಟ್ಟು ಆರು ತಿಂಗಳು ಕಾದರೆ ಸುಲಭವಾಗಿ ಸರಿಯಾಗಬಹುದಾಗಿದ್ದದ್ದು ನರಗಳಿಗೆ ಶಾಶ್ವತ ಹಾನಿ ಮಾಡಬಹುದು. ಥೈರಾಯ್ಡ್ ಕಡಿಮೆಯಿದ್ದರೂ, ಖಿನ್ನತೆಯಿದ್ದರೂ, ಕಿವಿ ಮಂದವಾಗಿದ್ದರೂ ಮರೆವಿನಂತೆಯೇ ಕಾಣುತ್ತದೆ. ಅಮ್ಮನನ್ನು ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ನೀವೇ ತಂದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಯಾರು ಈ ಮಾತ್ರೆಗಳಿಂದ ದೂರವಿರಬೇಕು?

ರುಮಟಾಯ್ಡ್ ಸಂಧಿವಾತ, ಲೂಪಸ್‌ನಂಥ, ದೇಹದ ರಕ್ಷಣೆ ತನ್ನ ಮೇಲೆಯೇ ತಿರುಗುವ ಸ್ವಯಂಪ್ರತಿರಕ್ಷೆಯ ಕಾಯಿಲೆ ಇರುವವರು, ಅಂಗ ಕಸಿಯ ಔಷಧಿಯಲ್ಲಿರುವವರು ಸ್ಪಿರುಲಿನಾ ಬಿಡುವುದು ಮೇಲು. ಅದು ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸಬಲ್ಲದು. ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಲಾಗದ ಹುಟ್ಟು ಕಾಯಿಲೆಯಾದ ಫೀನೈಲ್‌ಕೀಟೋನ್ಯೂರಿಯಾ ಇರುವ ಮಕ್ಕಳಿಗೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಬೀಡಿ, ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಖಂಡಿತ ಬೇಡ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ದಿನಕ್ಕೆ 20 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಯಿತು ಎಂದು 1994ರಲ್ಲಿ ಪ್ರಕಟವಾಯಿತು. ‘ನೈಸರ್ಗಿಕ, ಹಾಗಾಗಿ ನಿರಪಾಯಕಾರಿ’ ಎನ್ನುವವರಿಗೆ ನಾನು ಈ ಅಂಕಿಯನ್ನು ಕೊಡುತ್ತೇನೆ. ಕ್ಯಾರೆಟ್ ತಿನ್ನುವುದಕ್ಕೆ ಅಡ್ಡಿಯಿಲ್ಲ.

ಸ್ಪಿರುಲಿನಾ ಚಿಕ್ಕಿ ತಿಂದರೆ ಫೈಕೋಸಯನಿನ್ ಸಿಗುತ್ತದೆಯೇ?

ಮನೆಯಲ್ಲಿ ಕಾದ ಬೆಲ್ಲದ ಪಾಕಕ್ಕೆ ಪುಡಿ ಬೆರೆಸಿದರೆ ನೀಲಿ ಬಹುಪಾಲು ಕೆಡುತ್ತದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫೈಕೋಸಯನಿನ್ ಬಾಳುವುದು ಕಷ್ಟ. ಚಿಕ್ಕಿ ರುಚಿಯಾಗಿದೆ, ಕಡಲೆಕಾಯಿ ಒಳ್ಳೆಯದು, ತಿನ್ನಿ.

ಕುಕ್ಕರಹಳ್ಳಿ ಕೆರೆಯ ಹಸಿರೂ ಇದೇ ಅಲ್ಲವೇ?

ಅಲ್ಲ. ಊರಿನ ಕೊಳಚೆ ಸೇರುವ ಯಾವುದೇ ಕೆರೆಯ ಹಸಿರು ಕೆನೆಯಲ್ಲಿ ಮೈಕ್ರೋಸಿಸ್ಟಿಸ್‌ನಂಥ ಬ್ಯಾಕ್ಟೀರಿಯಾಗಳು ಇರಬಹುದು. ಅವು ಯಕೃತ್ತಿಗೆ ವಿಷವಾದ ಮೈಕ್ರೋಸಿಸ್ಟಿನ್ ಉತ್ಪಾದಿಸುತ್ತವೆ. ಸರಿಯಾಗಿ ಬೆಳೆಸದ ಸ್ಪಿರುಲಿನಾ ತೊಟ್ಟಿಗೂ ಇವು ನುಸುಳಬಹುದು. ಆದ್ದರಿಂದ ಮೈಕ್ರೋಸಿಸ್ಟಿನ್ ಮತ್ತು ಸೀಸ, ಪಾದರಸಗಳ ಪರೀಕ್ಷಾ ವರದಿ ತೋರಿಸಲೊಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ.

ಮಂಡ್ಯದಲ್ಲಿ ಅರ್ಧ ಎಕರೆ ಇದೆ. ಕಬ್ಬು ಬಿಟ್ಟು ಪಾಚಿ ಬೆಳೆಯಬಹುದೇ? ಮಿದುಳಿನ ಔಷಧಿಗೆ ಬೇಡಿಕೆಯಿದೆ ಎನ್ನುತ್ತಾರೆ.

ಬೆಳೆಯುವುದು ಸಾಧ್ಯ. ನಮ್ಮ ಬಿಸಿಲು, ಉಷ್ಣಾಂಶ ಸ್ಪಿರುಲಿನಾಕ್ಕೆ ಒಗ್ಗುತ್ತವೆ. ಅದಕ್ಕೆ ಬೇಕಾದ್ದು 30ರಿಂದ 37 ಡಿಗ್ರಿ, ಕ್ಷಾರೀಯ ನೀರು, ಲೀಟರಿಗೆ 16 ಗ್ರಾಂ ದಾಟುವ ಅಡುಗೆ ಸೋಡಾ, ದಿನವಿಡೀ ಕಲಕುವ ವ್ಯವಸ್ಥೆ. ಖರ್ಚು ಹೆಚ್ಚಾಗುವುದು ತೊಟ್ಟಿಗೆ, ಒಣಗಿಸುವುದಕ್ಕೆ, ಪರೀಕ್ಷೆಗೆ. ಕೆಂಪು ಹೆಮಟೋಕಾಕಸ್‌ನ ತಂಟೆಗೆ ಹೋಗಬೇಡಿ. ಬಹಳ ಬೇಗ ಬೇರೆ ಜೀವಿಗಳ ಪಾಲಾಗುವ ಪಾಚಿ ಅದು, ಮುಚ್ಚಿದ ಗಾಜಿನ ಕೊಳವೆಗಳ ಬಂಡವಾಳ ಕೇಳುತ್ತದೆ.

‘ಬೆಳೆದುಕೊಡಿ, ನಾವೇ ಕೊಳ್ಳುತ್ತೇವೆ’ ಎಂದು ಮುಂಗಡ ಹಣ ಕೇಳುವವರ ಬಗ್ಗೆ ಎಚ್ಚರ. ಕೊಳ್ಳುವ ದರ, ತೇವಾಂಶ, ತಿರಸ್ಕರಿಸುವ ಷರತ್ತು ಎಲ್ಲವೂ ಬರಹದಲ್ಲಿರಲಿ. ಮಿದುಳಿನ ಕಾಯಿಲೆಗೆ ಮದ್ದೆಂದು ಪೊಟ್ಟಣದ ಮೇಲೆ ಅಚ್ಚು ಹಾಕುವುದು ಕಾನೂನಿಗೆ ವಿರುದ್ಧ. ಆ ಬೇಡಿಕೆಯ ಲೆಕ್ಕದ ಮೇಲೆ ಸಾಲ ಮಾಡಬೇಡಿ. ಆಹಾರ, ಮೀನಿನ ಮೇವು, ಬಣ್ಣ ಇವುಗಳ ಮಾರುಕಟ್ಟೆಯನ್ನಷ್ಟೇ ನಂಬಿ ಲೆಕ್ಕ ಹಾಕಿ ನೋಡಿ. ಅದು ಗಿಟ್ಟಿದರೆ ಮುಂದುವರಿಯಿರಿ.

ಮಾತ್ರೆ ಬೇಡವಾದರೆ ಇಂಥ ಬಣ್ಣಗಳು ಊಟದಲ್ಲಿ ಸಿಗುತ್ತವೆಯೇ?

ಒಂದು ಖಂಡಿತ ಸಿಗುತ್ತದೆ. ಪಾಚಿಯಲ್ಲೂ ಇರುವ ಲ್ಯೂಟೀನ್ ದಂಟು, ನುಗ್ಗೆ, ಪಾಲಕ್ ಸೊಪ್ಪಿನಲ್ಲಿ ಧಾರಾಳವಾಗಿದೆ. ಕಣ್ಣಿನ ಪಟಲದಲ್ಲಿ ಸೇರಿಕೊಳ್ಳುವ, ಮನುಷ್ಯರ ಮಿದುಳಿನ ಅಂಗಾಂಶದಲ್ಲೂ ಪತ್ತೆಯಾಗಿರುವ ಬಣ್ಣ ಅದು. ಗುಂಡ್ಲುಪೇಟೆಯ ಕಡೆ ಹೊಲದ ತುಂಬ ಅರಳುವ ಚೆಂಡು ಹೂವಿನಿಂದ ತೆಗೆಯುವುದೂ ಅದನ್ನೇ. ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಟ್ಟು ಸೊಪ್ಪು ತಂದು, ಬಸ್ಸಾರಿಗೆ ಎಣ್ಣೆಯ ಒಗ್ಗರಣೆ ಹಾಕಿದರೆ ದೇಹ ಅದನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ.

ಸ್ನಾತಕೋತ್ತರ ಯೋಜನೆಗೆ ಈ ವಿಷಯ ಆರಿಸಿಕೊಳ್ಳಬಹುದೇ?

ಧಾರಾಳವಾಗಿ. ಆದರೆ ಇನ್ನೊಂದು ಬಣ್ಣ, ಇನ್ನೊಂದು ಬಿವಿ-2 ತಟ್ಟೆ, ಇನ್ನೊಂದು ನೈಟ್ರಿಕ್ ಆಕ್ಸೈಡ್ ಅಂಕಿ ಬೇಡ, ಅವು ಸಾಕಷ್ಟಿವೆ. ರಕ್ತದಲ್ಲಿ ನಿಜವಾಗಿ ಸಿಗುವ ಪ್ರಮಾಣದಲ್ಲಿ ಪರೀಕ್ಷಿಸಿ. ಫ್ಯೂಕೋಕ್ಸಾಂಥಿನ್ ಬದಲು ಫ್ಯೂಕೋಕ್ಸಾಂಥಿನಾಲ್ ಹಾಕಿ. ಕೆರಳಿಸಿದ ಮೇಲೆ ಬಣ್ಣ ಹಾಕಿ ನೋಡಿ. ರೋಗಿಗಳು ಬರುವುದು ಕಾಯಿಲೆ ಶುರುವಾದ ಮೇಲೆಯೇ. ಸಾರದಲ್ಲಿ ಎಷ್ಟು ಎಲ್‌ಪಿಎಸ್ ಇದೆಯೆಂದು ಮೊದಲೇ ಅಳೆಯಿರಿ, ಬೆಳಕಿಗೆ ಕೆಡುವ ಬಣ್ಣಗಳ ಸೀಸೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಕೋಶಗಳು ತಿನ್ನುವ, ಗುಡಿಸುವ ಕೆಲಸವನ್ನು ಬಣ್ಣ ಹಾಕಿದ ಮೇಲೂ ಮಾಡುತ್ತಿವೆಯೇ ಎಂಬುದನ್ನು ಹೊಳೆಯುವ ಮಣಿಗಳನ್ನು ನುಂಗಿಸಿ ನೋಡಬಹುದು. ಪರಿಣಾಮ ಏನೂ ಕಾಣದಿದ್ದರೆ ಅದನ್ನೂ ಹಾಗೆಯೇ ಬರೆದು ಸಲ್ಲಿಸಿ. ಮಾರ್ಗದರ್ಶಕರು ಮುಖ ಗಂಟಿಕ್ಕಿದರೆ ಯಾವ ಪ್ರಮಾಣದಲ್ಲಿ ಪರೀಕ್ಷಿಸಿದಿರೆಂಬ ಪಟ್ಟಿಯನ್ನು ಅವರ ಮುಂದಿಡಿ.